ಹಗಲು ನಿದ್ದೆಯ ಮನೆ

ಫಿಲೋಮಿನಾ ಸಿಸ್ಟರ್ ಕೇಳಿದ್ದು ಇಷ್ಟೇ:
ರಾತ್ರಿಪಾಳಿ ಮುಗಿಸಿ ಬಂದವಳಿಗೆ
ಏಪ್ರಿಲ್ಲಿನ ಮಧ್ಯಾಹ್ನ ಎರಡಕ್ಕೂ
ಎಚ್ಚರವಾಗದ ಒಂದು ಕೋಣೆ.
ಏಸಿ ಬೇಡ, ಅದರ ಗೊರಗೊರ
ವಾರ್ಡಿನ ಆಕ್ಸಿಜನ್ ಯಂತ್ರದ ಹಾಗೆ;
ಕರೆಂಟು ಹೋಗಿ ನಿಂತರೆ ಎದ್ದು ಓಡುತ್ತೇನೆ.

ಗಾಡಿಕೊಪ್ಪದಲ್ಲಿ ಮೂವತ್ತು-ನಲವತ್ತರ ಸೈಟು,
ಪಡುವಣಕ್ಕೆ ಮೊಗ.
ಅಲ್ಲಿ ಕಿಟಕಿ ಬರೆದೆ, ಅಳಿಸಿದೆ,
ಮೆಟ್ಟಿಲು, ಬಚ್ಚಲು, ಬೀರು ಸಾಲಾಗಿ ನಿಲ್ಲಿಸಿದೆ:
ಬಿಸಿಲು ಇವರನ್ನೆಲ್ಲ ಮಾತಾಡಿಸಿಕೊಂಡು
ಒಳಗೆ ಬರುವಷ್ಟರಲ್ಲಿ ಸಂಜೆಯಾಗಲಿ.

ಪಾಯ ತೋಡಿದ ಕೆಂಪು ಮಣ್ಣನ್ನೇ
ಜರಡಿ ಹಿಡಿದು ಅಚ್ಚಿಗೆ ಒತ್ತಿದೆವು.
ಚಿಟಿಕೆ ಸಿಮೆಂಟು. ಭಟ್ಟಿಯಿಲ್ಲ, ಸೌದೆಯಿಲ್ಲ,
ಒದ್ದೆ ಗೋಣಿಯಡಿ ಇಪ್ಪತ್ತೊಂದು ದಿನ ಬಾಣಂತನ.
ಮೇಸ್ತ್ರಿ ಖಲಂದರ್ ಮೊದಮೊದಲು ಗೊಣಗಿದ,
"ಹುತ್ತ ಕಟ್ಟೋಕೆ ನನ್ನ್ಯಾಕೆ ಕರೆದ್ರಿ ಮೇಡಂ?"
ಆಮೇಲೆ ಕರಣೆಯಿಂದ ಒಂದಕ್ಕೆ ತಟ್ಟಿದ;
ಠಣ್ ಅಂತು. ಸುಮ್ಮನಾದ.

ಈ ಏಪ್ರಿಲ್ಲು, ಉರಿ ಎರಡು ಗಂಟೆ.
ಥರ್ಮಾಮೀಟರ್ ಹಿಡಿದು ಹೋದೆ,
ಅಳೆದು ಬರೆದಿಡೋಣವೆಂದು.
(ಅಡುಗೆಮನೆ ಈಗಲೂ ಕಾಯುತ್ತದೆ, ತಪ್ಪು ನನ್ನದು,
ಕಿಂಡಿ ಒಂದಡಿ ಕೆಳಗಾಯಿತು.)
ಬೆಲ್ ಒತ್ತಬೇಕು,
ಸೂರಿನಡಿಯ ಗಾಳಿಗಂಡಿಯಿಂದ
ಒಳಗಿನ ಸೆಕೆಯ ಜೊತೆ
ಹೊರಗೆ ಬರುತ್ತಿತ್ತು
ಸಣ್ಣ ಗೊರಕೆ.

ಬಿಟ್ಟ ಚಪ್ಪಲಿ ಕೈಯಲ್ಲೇ ಹಿಡಿದು
ಗೇಟಿನವರೆಗೆ ನಡೆದೆ.
ನೆಲ ಸುಡುತ್ತಿತ್ತು.