ಮಹಿನ್‌ಹಿನ್

ಅಜ್ಜಿ ಕೊನ್ಸೋರ್ಸಿಯಾ ಆ ಪದವನ್ನು
ಹೊಗಳುವುದಕ್ಕಲ್ಲ, ತಡೆಯುವುದಕ್ಕೆ ಇಟ್ಟುಕೊಂಡಿದ್ದಳು.
ಬಿದಿರಿನ ಮೆಟ್ಟಿಲು ದಡದಡ ಇಳಿದರೆ, ಮಹಿನ್‌ಹಿನ್.
ನಗುವಾಗ ಹಲ್ಲು ಕಂಡರೆ, ಮಹಿನ್‌ಹಿನ್.
ಮಾವಿನ ವಾಟೆ ಚೀಪುತ್ತ ಕೂತಿದ್ದಾಗ
ರಸ ಮೊಣಕೈತನಕ ಇಳಿದದ್ದಕ್ಕೆ
ಬರೀ ಹುಬ್ಬಿನಲ್ಲೇ ಅಂದಳು.

ಹಿನ್, ಹಿನ್:
ಹೊರಟ ಉಸಿರು ಮೂಗಿನೊಳಗೇ
ಹಿಂದೆ ಹಿಂದೆ ಸರಿದ ಹಾಗೆ ಕೇಳುತ್ತಿತ್ತು ನನಗೆ.

ಶಾಲೆಯಲ್ಲಿ ಟೀಚರು ಅರ್ಥ ಬರೆಸಿದರು:
ಮೆಲುನಡೆಯ, ಮೆಲುನುಡಿಯ, ನಾಚಿಕೆ ಬಲ್ಲ.
ಸ್ವಂತ ವಾಕ್ಯದಲ್ಲಿ ಬಳಸಿ ಎಂದರೆ
ತರಗತಿಗೆ ತರಗತಿಯೇ ಬರೆದದ್ದು ಒಂದೇ ವಾಕ್ಯ,
ಮಹಿನ್‌ಹಿನ್ ಹುಡುಗಿ ಬಾಗಿಲಲ್ಲಿ ನಿಂತಿದ್ದಾಳೆ.
ಒಬ್ಬರಿಗೂ ಅವಳನ್ನು ಒಳಗೆ ಕರೆದು ಕೂರಿಸಬೇಕೆನಿಸಲಿಲ್ಲ.
ಕೊನೆ ಬೆಂಚಿನ ಕ್ರಿಸಾಂತೊ ಮಾತ್ರ
'ನಾನು ಮಹಿನ್‌ಹಿನ್' ಎಂದು ಬರೆದು
ಒಂದು ಅಂಕ ಕಳೆದುಕೊಂಡ.
ವ್ಯಾಕರಣದಲ್ಲಿ ತಪ್ಪೇನೂ ಇರಲಿಲ್ಲ.

ಈಗ ನಸುಕಿನ ಮೂರು ಗಂಟೆ. ದಲಹಿಕನ್ ಬಂದರು.
ಕಾಲಲ್ಲಿ ರಬ್ಬರ್ ಬೂಟು, ಕಾಲಡಿ ಮಂಜುಗಡ್ಡೆಯ ನೀರು,
ಟ್ಯೂಬ್‌ಲೈಟಿನ ಕೆಳಗೆ ಸಾಲು ಟಬ್ಬುಗಳಲ್ಲಿ
ಕಣ್ಣು ಮುಚ್ಚಲು ಬಾರದ ತುಲಿಂಗನ್ ಮೀನು.
ಇಲ್ಲಿ ಹರಾಜನ್ನು ಕೂಗುವುದಿಲ್ಲ.
ದಲ್ಲಾಳಿ ಕಿವಿ ಬಾಗಿಸುತ್ತಾನೆ,
ಒಬ್ಬೊಬ್ಬರೇ ಬಂದು ತಮ್ಮ ಬೆಲೆಯನ್ನು
ಅದರೊಳಗೆ ಇಟ್ಟು ಸರಿಯುತ್ತಾರೆ.

ಗಂಡಸರ ಪಿಸುಮಾತು ಮೂರು ಮಾರು ದೂರ ಕೇಳುತ್ತದೆ.
ನೂರಾ ನಲವತ್ತು ಎಂದು ಗಂಟಲೇ ಹೇಳಿಬಿಡುತ್ತದೆ, ಪಾಪ,
ಅವರಿಗೆ ಯಾರೂ ಕಲಿಸಿಲ್ಲ.
ನನಗೆ ಹನ್ನೊಂದು ವರ್ಷದ ತರಬೇತಿ:
ಅಂಗೈ ಅಡ್ಡ, ತುಟಿ ಅಲುಗಬಾರದು, ಹಲ್ಲು ಕಾಣಬಾರದು.
ಹೇಳುತ್ತೇನೆ.
ಮೂರು ಟಬ್ಬು ನನ್ನವು.
ಆಮೇಲೆ, 'ಗಾಡಿ!' ಎಂದು ಕೂಗುತ್ತೇನೆ ನೋಡಿ,
ಕಟ್ಟಿಹಾಕಿದ ದೋಣಿಗಳೂ ತಿರುಗಬೇಕು.

ಮನೆಗೆ ಬಂದರೆ ಅಜ್ಜಿ ಮಂಚದಲ್ಲಿ ಎದ್ದು ಕೂತಿದ್ದಾಳೆ.
ಎರಡು ಮಳೆಗಾಲದಿಂದ ಕಿವಿ ಮಂದ.
ಏನು ಕೊಂಡೆ?
ಹೇಳಿದೆ, ಅವಳು ಕಲಿಸಿದ ಹಾಗೇ.
'ಬಾಯಿ ಬಿಟ್ಟು ಹೇಳೇ, ಏನದು ಗೊಣಗಾಟ!'

ತುಲಿಂಗನ್! ಎಂದೆ. ಪಕ್ಕದ ಮನೆ ನಾಯಿ ಬೊಗಳಿತು.
ಎಷ್ಟಕ್ಕೆ?
ಅದನ್ನು ಮಾತ್ರ ಬಾಗಿ, ಅಂಗೈ ಅಡ್ಡ ಹಿಡಿದು,
ಅವಳ ಕಿವಿಯೊಳಗೆ ಇಟ್ಟೆ.
ಕೇಳಿಸಿರಲಾರದು.
ನಕ್ಕಳು, ಉಳಿದ ನಾಲ್ಕು ಹಲ್ಲೂ ಕಾಣುವ ಹಾಗೆ.