ಹನ್ನೊಂದನೇ ನಿಮಿಷ

ಮೆಸ್ತಿಯಾದ ಹಿಮ ನೆಗೆಟಿವಿನಲ್ಲಿ ಕಪ್ಪು.
ಹೆಚ್ಚು ಹೊತ್ತು ಬಿಟ್ಟರೆ ಸೀದ ಬಾಣಲೆಯ ತಳ,
ಸ್ಕ್ಯಾನರಿನ ಬೆಳಕು ತೂರದು.

"ಹದಿಮೂರು ನಿಮಿಷ. ಚೌಕಾಸಿ ಬೇಡ"
ಎನ್ನುತ್ತಾನೆ ಈಗಲೂ ನುಗ್ಜಾರ್ ಮಾವ.
ಅವನದು ಕಾಗದದ ಕಾಲ.

ಬಚ್ಚಲಲ್ಲಿ ಲಮಾರಾ
ಡಬ್ಬಿ ಬೋರಲು ಹಾಕಿ, ಎತ್ತಿ,
ಗುಳ್ಳೆ ಬಿಡಲೆಂದು ನೆಲಕ್ಕೊಮ್ಮೆ ಕುಟ್ಟಿ
ಹನ್ನೊಂದಕ್ಕೇ ಸುರಿದುಬಿಟ್ಟಳು.
ಉಳಿದೆರಡು ನಿಮಿಷ
ಏನೋ ಕದ್ದವಳಂತೆ ನಿಂತಳು.

ಷವರಿಗೆ ನೇತುಬಿದ್ದ ಫಿಲ್ಮು, ತುದಿಗೆ ಬಟ್ಟೆಯ ಕ್ಲಿಪ್ಪು.
ಬೆಳಗಿನವರೆಗೆ ಯಾರಿಗೂ ಸ್ನಾನವಿಲ್ಲ.

ಪರದೆಯ ಮೇಲೆ ಹಿಮ ಬೆಳ್ಳಗಾಯಿತು;
ಸಲಿಕೆ ಹಿಡಿದು ಗುರಾಯಿಸುವ ಮಾವ.
ಬಿಳಿ ಧೂಳಿನ ಚುಕ್ಕಿಗಳನ್ನು
ಒಂದೊಂದೇ ಅಳಿಸುತ್ತ ಬಂದವಳು
ಅವನ ಹೆಗಲ ಬಳಿ ಮೌಸು ತಡೆದಳು:
ಇದು ಧೂಳೋ, ಅಂದು ಬಿದ್ದದ್ದೋ?

ಫೋನಲ್ಲಿ ಕೇಳಬಹುದು.
ಕೇಳಿದರೆ, ಮೊದಲು
ಎಷ್ಟು ನಿಮಿಷ ಬಿಟ್ಟೆ ಅನ್ನುತ್ತಾನೆ.