ಮೇಲಿನ ಕಿಂಡಿ

ನಮ್ಮ ಮನೆಯಲ್ಲಿ ಡ್ರೈವರ್ ಅಂದರೆ ಅಬ್ಬಾ ಒಬ್ಬರೇ.
ಮುಗಿಲಿಗೆ ಮುಟ್ಟುವ ಹಾಗೆ ಮಂಡಕ್ಕಿ ಚೀಲ ಹೇರಿ
ಹರಿಹರದ ಹೊಳೆ ದಾಟುವವರು.
ಹಾಗಾಗಿ ಸೋಮವಾರ ರಾತ್ರಿ ನಾನು
‘ಡ್ರೈವರ್ ಕೈಕೊಟ್ಟಿತು’ ಅಂತ ಕೂಗಿದಾಗ
ಅಮ್ಮಿ ಹೆಂಚಿನ ಮೇಲೆ ರೊಟ್ಟಿ ಬಿಟ್ಟು ಓಡಿಬಂದಳು.

ಅವರಲ್ಲ ಅಮ್ಮಿ, ಕಂಪ್ಯೂಟರಿನದು.
ಕಾರ್ಡು ಏನು ಬಿಡಿಸಬೇಕೋ ಅದನ್ನು
ಕಾರ್ಡಿಗೆ ತಿಳಿಯುವ ಹಾಗೆ ಹೇಳುವ ಕೆಲಸ ಅದರದ್ದು.
‘ಎಷ್ಟು ಸಂಬಳ?’ ಅಂದಳು.
ರೊಟ್ಟಿ ಅಷ್ಟರಲ್ಲಿ ಸೀದಿತ್ತು.

ಈ ಡಬ್ಬ ನಾನೇ ಕಟ್ಟಿದ್ದು, ಮಂಚದ ಮೇಲೆ,
ಮೈಯೊಳಗಿನ ಕರೆಂಟು ಇಳಿಯಲೆಂದು
ಗಳಿಗೆಗೊಮ್ಮೆ ಬಚ್ಚಲ ನಲ್ಲಿ ಮುಟ್ಟಿ ಬಂದು.
ಪೆಟ್ಟಿಗೆ, ಮುಚ್ಚಿಹೋದ ಸೈಬರ್ ಕೆಫೆಯದು;
ಕಾರ್ಡು, ವಿದ್ಯಾನಗರದ ಹುಡುಗನೊಬ್ಬ
ಎರಡು ವರ್ಷ ಗುಂಡು ಹಾರಿಸಿ ಆಡಿ ಬಿಟ್ಟದ್ದು.
ಒಂದು ಸ್ಕ್ರೂ ಮಿಕ್ಕಿತು. ಎಲ್ಲಿಯದೋ, ಇವತ್ತಿಗೂ ಗೊತ್ತಿಲ್ಲ.

ಇದರಲ್ಲೇ ನಾನು ಊರವರ ಮನೆಗಳಿಗೆ ಮುಖ ಬಿಡಿಸುವುದು.
ಮೇಸ್ತ್ರಿ ಪರಸಪ್ಪ ಅಳತೆ ಕೊಡುತ್ತಾನೆ:
ಕಂಬಕ್ಕೆ ಗ್ರಾನೈಟು, ಗೇಟಿಗೆ ನವಿಲು,
ಸಂಜೆ ಐದರ ನೆರಳು ಬೀಳಬೇಕು, ಮಾಲೀಕರಿಗೆ ಅದೇ ಇಷ್ಟ.
ಸೋಮವಾರದಿಂದ ನೆರಳು ಬೀಳಲೇ ಇಲ್ಲ.
ನವಿಲು ಮೆಟ್ಟಿಲು ಮೆಟ್ಟಿಲಾಗಿ ಒಡೆದು
ಮನೆ, ನೆಲ ಬಿಟ್ಟು ತೇಲುವ ಹಾಗೆ ನಿಂತಿತು.

ಮೊದಲ ರಾತ್ರಿ ಹೊಸ ಡ್ರೈವರ್ ಕಿತ್ತು ಮತ್ತೆ ಹಾಕಿದೆ.
ಎರಡನೆಯ ರಾತ್ರಿ ಹಳೆಯದು; ಅದಕ್ಕೂ ಹಳೆಯದು;
ಎಂಟುನೂರು ಎಂಬಿ ತೆವಳುತ್ತ ಇಳಿದು
ತೊಂಬತ್ತೊಂಬತ್ತಕ್ಕೆ ಬಂದಾಗ
ಕರೆಂಟು ಹೋಯಿತು.
ಸುಮ್ಮನೆ ಕೂತೆ. ಕಿಟಕಿಯಾಚೆ ಭಟ್ಟಿಗಳಲ್ಲಿ
ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟ ಅರಳುತ್ತಿತ್ತು.
ಅದಕ್ಕೆ ಯಾವ ಡ್ರೈವರೂ ಬೇಡ.

ಮೂರನೆಯ ರಾತ್ರಿ ಅಬ್ಬಾ ಬಂದಿದ್ದರು.
ಪಂಕ್ಚರ್ ಅಂಗಡಿಯಿಂದ ಗಾಳಿ ಪಂಪು ತಂದು
ಕಾರ್ಡಿನ ಫ್ಯಾನಿಗೆ ಹೊಡೆದರು;
ಆಜಾದ್ ನಗರದ ಮಸಿ ಅರ್ಧ ಪಾವಿನಷ್ಟು ನೆಲಕ್ಕೆ ಬಿತ್ತು.
ಹೊಡೆದಾದ ಮೇಲೂ ನವಿಲು ಹಾಗೇ.
ಪರದೆಯ ನಡುವೆ ಮತ್ತದೇ ಒಂದು ಸಾಲು ಇಂಗ್ಲಿಷು,
ಮೂರು ದಿನದಿಂದ ನಾನು ಓದದೆ ಮುಚ್ಚುತ್ತಿದ್ದದ್ದು.
‘ಏನಂತೆ?’
ಅವರಿಗಾಗಿ ನಮ್ಮ ಮಾತಿಗೆ ತಿರುಗಿಸಿದೆ, ನಿಧಾನಕ್ಕೆ:
‘ನೀವು ನೋಡುತ್ತಿರುವ ಪರದೆ
ನನಗೆ ಜೋಡಿಸಿದ್ದಲ್ಲ.’

ನನ್ನ ಬಾಯಿ ಅಲ್ಲೇ ನಿಂತಿತು.
ಅಬ್ಬಾ ಮೊಬೈಲ್ ಟಾರ್ಚನ್ನು ಡಬ್ಬದ ಬೆನ್ನಿಗೆ ಹಿಡಿದರು.

ಕೇಬಲ್ಲು ಮೇಲಿನ ಕಿಂಡಿಯಲ್ಲಿತ್ತು.
ಬೋರ್ಡಿನ ಕಿಂಡಿ. ಕಾರ್ಡಿನದು ಗೇಣು ಕೆಳಗೆ,
ಖಾಲಿ, ಬಾಯಿ ತೆರೆದುಕೊಂಡು.

‘ಭಾನುವಾರ ಮಸಿ ಒರೆಸುವಾಗ ಕಿತ್ತಿದ್ದೆ,’ ಬಾಗಿಲಲ್ಲಿ ಅಮ್ಮಿ.
‘ಮತ್ತೆ ಹಾಕಿದೆನಲ್ಲ! ಎರಡೂ ಒಂದೇ ಥರ ಇದ್ದವು.
ಮೇಲಿನದು ಕೈಗೆ ಸಿಕ್ಕಿತು.’

ಬೈಯಲು ಬಾಯಿ ತೆರೆದವಳಿಗೆ ನಗು ಬಂತು.
ಮೂರು ರಾತ್ರಿಯೂ ಕಾರ್ಡು ಕತ್ತಲಲ್ಲಿ
ಎಲ್ಲ ಬಿಡಿಸಿಟ್ಟುಕೊಂಡು ಕೂತಿತ್ತೋ ಏನೋ,
ನವಿಲು, ನೆರಳು, ಐದು ಗಂಟೆಯ ಬಿಸಿಲು,
ಹೊರಗೆ ಬರಲು ಹಾದಿಯಿಲ್ಲದೆ.

ಕೇಬಲ್ಲು ಕೆಳಗಿಳಿಸಿದೆ.
ಪರಸಪ್ಪನ ಗೇಟಿನ ನವಿಲು
ಅಂಗಳದ ಉದ್ದಕ್ಕೂ ಕಪ್ಪಗೆ ಮಲಗಿತು.

‘ಡ್ರೈವರ್ ಸರಿಹೋಯಿತಾ?’
‘ಅದು ಮೊದಲಿಂದಲೂ ಸರಿಯಾಗೇ ಇತ್ತು.’
‘ಇದನ್ನೇ ನಾನು ಮೂವತ್ತು ವರ್ಷದಿಂದ ಹೇಳುತ್ತಿದ್ದೇನೆ,’
ಅಂದರು ಅಬ್ಬಾ, ಚಾದರದೊಳಗಿಂದ.

ನಸುಕಿನಲ್ಲಿ ಹೊರಡುವ ಮುಂಚೆ
ಲಾರಿಯ ಬೆನ್ನಿಗೆ ಅಂಟಿಸುವ ರೇಡಿಯಂ ಹಾಳೆಯಿಂದ
ಕೆಂಪು ಚೂರೊಂದು ಕತ್ತರಿಸಿ ಕೊಟ್ಟರು.
ಮೇಲಿನ ಕಿಂಡಿಗೆ ಅಂಟಿಸಿದ್ದೇನೆ.
ಈಗ ಕರೆಂಟು ಹೋದಾಗ
ಎದುರಿನ ಭಟ್ಟಿಗೆ ಯಾರಾದರೂ ಹೊಟ್ಟು ಎಸೆದರೆ
ಗೋಡೆಗೆ ಬೆಳಕು ಬಂದು
ಅದೊಂದು ಮಿನುಗುತ್ತದೆ, ಮತ್ತೆ ಇಲ್ಲ.